ಏಕಾದಶಿಯ ದಿನದ ಅನ್ನ

ಊಟ ಆಯಿತೇ ಎಂದು ಯಾರಾದರೂ ಕೇಳಿದರೆ ಆಯಿತು ಎನ್ನುವುದಕ್ಕೆ ನನಗೆ ಯೋಚನೆಯೇ ಬೇಕಾಗಿರಲಿಲ್ಲ. ಹದಿನಾಲ್ಕು ವರ್ಷ ಆ ಒಂದು ಸುಳ್ಳನ್ನು ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿತ್ತು. ನಮ್ಮ ಕಡೆಯವರಿಗೆ ನಮಸ್ಕಾರಕ್ಕಿಂತ ಮೊದಲು ಬಾಯಿಗೆ ಬರುವ ಮಾತೇ ಅದು. ಹೈದರಾಬಾದಿನ ಉಪ್ಪಲ್‌ನಲ್ಲಿ, ನಮ್ಮ ಕಡೆಯವರೇ ಹೆಚ್ಚಿದ್ದ ಕಾಲೊನಿಯಲ್ಲಿ ಗೇಟಿನ ಹತ್ತಿರ ನಿಂತವರು, ತಳ್ಳುಗಾಡಿಯ ಮುಂದೆ ಬದನೆಕಾಯಿ ಆರಿಸುತ್ತಿದ್ದವರು, ಸ್ಕೂಟರ್ ಒರೆಸುತ್ತಿದ್ದವರು ಎಲ್ಲರೂ "ಊಟ ಆತೇನವಾ?" ಎನ್ನುತ್ತಿದ್ದರು. ನಾನು "ಆತ್ರಿ" ಎಂದು ನಗುತ್ತಾ ದಾಟಿಹೋಗುತ್ತಿದ್ದೆ.

ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದವರು. ನಾನು ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು ಎಲ್ಲ ಇಲ್ಲೇ. ಆ ವರ್ಷಗಳಲ್ಲಿ ಗಚ್ಚಿಬೌಲಿಯಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿತ್ತು. ನಾನು ಅಂಥದೊಂದು ಕಟ್ಟಡದಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ, ಮತ್ತು ಅದರಲ್ಲಿ ನಾನು ಸಾಕಷ್ಟು ನಿರ್ದಯಿ ಎಂದು ಹೆಸರಾಗಿದ್ದೆ. ಮೆಟ್ರೋ ಇನ್ನೂ ಬಂದಿರಲಿಲ್ಲ. ಕಂಪನಿಯ ಕ್ಯಾಬ್ ಮುಂಜಾನೆ ಏಳಕ್ಕೆ ಉಪ್ಪಲ್ ಬಿಟ್ಟರೆ ಊರಿನ ಈ ತುದಿಯಿಂದ ಆ ತುದಿಗೆ ತೆವಳಿ ಗಚ್ಚಿಬೌಲಿ ಮುಟ್ಟುವುದಕ್ಕೆ ಎರಡು ತಾಸು ಹಿಡಿಯುತ್ತಿತ್ತು. ಎಲ್ಲರೂ ಮೆಹದಿಪಟ್ಟಣದ ಟ್ರಾಫಿಕ್ಕನ್ನು ಬೈಯುತ್ತಿದ್ದರು. ನಾನು ಬೈಯುತ್ತಿರಲಿಲ್ಲ. ಆಫೀಸಿನಲ್ಲಿ ತಿನ್ನುತ್ತೇನೆ ಎಂದು ಮನೆಯಲ್ಲಿ ಹೇಳಬಹುದಿತ್ತು, ಮನೆಯಲ್ಲಿ ತಿಂದು ಬಂದೆ ಎಂದು ಆಫೀಸಿನಲ್ಲಿ ಹೇಳಬಹುದಿತ್ತು. ನಡುವಿನ ಅಷ್ಟು ದೂರ ದಾಟಿ ಬಂದು ವಿಚಾರಿಸುವವರು ಯಾರೂ ಇರಲಿಲ್ಲ.

ಇದಕ್ಕಿಂತ ದೊಡ್ಡ ಆಸರೆ ನನಗೆ ದೇವರದಿತ್ತು. ನಮ್ಮದು ಪಂಢರಪುರದ ವಿಠ್ಠಲನಿಗೆ ನಡೆದುಕೊಳ್ಳುವ ಮನೆ. ಏಕಾದಶಿಯ ದಿನ ನಮ್ಮಲ್ಲಿ ಒಲೆಯ ಮೇಲೆ ಅನ್ನಕ್ಕೆ ಇಡುವುದಿಲ್ಲ; ಅಜ್ಜಿಯ ಕಾಲದಿಂದಲೂ ಇಟ್ಟಿಲ್ಲ. ದೊಡ್ಡವರು ಉಪವಾಸವಿದ್ದು ಮಧ್ಯಾಹ್ನ ಸಾಬೂದಾಣಿ, ಶೇಂಗಾದುಂಡೆ ಎಂದು ಒಂದಿಷ್ಟು ಫರಾಳ ತಿನ್ನುತ್ತಾರೆ. ಮರುದಿನ ದ್ವಾದಶಿಯ ಮುಂಜಾನೆ ಬೇಗ ಎದ್ದು, ಮಿಂದು, ವಿಠ್ಠಲನಿಗೆ ನೈವೇದ್ಯ ತೋರಿಸಿ, ಅನ್ನ ಉಂಡು ಉಪವಾಸ ಬಿಡುತ್ತಾರೆ. ಹಾಗೆ ಬಿಡುವುದಕ್ಕೆ ಪಾರಣಿ ಎನ್ನುತ್ತಾರೆ. ಹದಿನಾರನೆಯ ವಯಸ್ಸಿನಲ್ಲಿ, ಪರೀಕ್ಷೆ ಹತ್ತಿರ ಬಂದಾಗ, ನಾನೂ ಒಂದು ಏಕಾದಶಿ ಹಿಡಿದೆ. ಫರಾಳವನ್ನೂ ಮುಟ್ಟಲಿಲ್ಲ, ಬರೇ ನೀರು. ಅವ್ವ ಬೆರಗಾದಳು. ಪಕ್ಕದ ಮನೆಯವರು ಗಲ್ಲ ಹಿಡಿದು ಹೊಗಳಿದರು. ಪರೀಕ್ಷೆ, ಮೈ, ಮುಂದಿನ ದಿನಗಳು ಯಾವುದೂ ನನ್ನ ಕೈಯಲ್ಲಿಲ್ಲ ಎಂದು ಹೆದರಿಕೊಂಡಿದ್ದವಳಿಗೆ, ಇದೊಂದು ನನ್ನ ಕೈಯಲ್ಲಿದೆ ಅನ್ನಿಸಿಬಿಟ್ಟಿತು.

ಆಮೇಲೆ ಸೋಮವಾರ ಸೇರಿತು, ಗುರುವಾರ ಸೇರಿತು, ಶನಿವಾರ, ಸಂಕಷ್ಟಿ ಎಲ್ಲ ಸೇರಿಕೊಂಡವು. ಉಪವಾಸವಿಲ್ಲದ ದಿನಕ್ಕೆ ಆಫೀಸು ಇತ್ತು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು, ಬೇಸಿಗೆಯಲ್ಲೂ ಸ್ವೆಟರ್ ಬೇಕಾಗುತ್ತಿತ್ತು. ನೋಡಿದವರು "ಎಷ್ಟು ನೇಮದಾಕಿ ನೋಡ್ರಿ" ಎಂದು ತಮ್ಮ ಹೆಣ್ಣುಮಕ್ಕಳಿಗೆ ನನ್ನನ್ನು ತೋರಿಸುತ್ತಿದ್ದರು. ಅವ್ವನಿಗೆ ಅದು ಹೆಮ್ಮೆ. ರೋಗವನ್ನು ನಾನು ವಿಠ್ಠಲನ ಬೆನ್ನ ಹಿಂದೆ ಬಚ್ಚಿಟ್ಟಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೂವತ್ತನೆಯ ವರ್ಷ ಆಫೀಸಿನ ಮೀಟಿಂಗಿನಲ್ಲಿ ಮಾತಾಡುತ್ತಿದ್ದವಳು ನಿಂತಲ್ಲೇ ಬಿದ್ದೆ. ಆಸ್ಪತ್ರೆಯ ಡಾಕ್ಟರು ಇಸಿಜಿಯ ಕಾಗದವನ್ನು ಬಹಳ ಹೊತ್ತು ನೋಡಿದರು. ಹದಿನಾಲ್ಕು ವರ್ಷ ಊಟ ಬಿಟ್ಟ ದೇಹ ಈಗ ಹೃದಯವನ್ನೇ ಕರಗಿಸಿಕೊಳ್ಳುತ್ತಿದೆ, ಹೀಗೇ ಹೋದರೆ ಒಂದು ದಿನ ಅದು ನಿಲ್ಲುತ್ತದೆ ಎಂದು ತೆಲುಗಿನಲ್ಲಿ ನೆಟ್ಟಗೆ ಹೇಳಿದರು. ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು, ರಿಪೋರ್ಟ್ ಇನ್ನೂ ಇಳಿದರೆ ಅಡ್ಮಿಟ್ ಮಾಡಿಕೊಳ್ಳುತ್ತೇನೆ, ಅದಕ್ಕೆ ಮೊದಲು ಈ ಥೆರಪಿಸ್ಟರನ್ನು ನೋಡಿ ಎಂದು ಮಣಿಕೊಂಡದ ಒಂದು ವಿಳಾಸ ಬರೆದುಕೊಟ್ಟರು. ಮನೆಯಲ್ಲಿ ನಾನು ಬಿದ್ದ ಸುದ್ದಿಯನ್ನೇ ಹೇಳಲಿಲ್ಲ.

ಮಣಿಕೊಂಡಕ್ಕೆ ನಾನು ಹೋದದ್ದು ಹೆದರಿಕೆಯಿಂದಲ್ಲ, ಸೊಕ್ಕಿನಿಂದ. ಅದಕ್ಕೆ ಮೊದಲು ಇಬ್ಬರು ಥೆರಪಿಸ್ಟ್‌ಗಳನ್ನು ನೋಡಿ ಆಗಿತ್ತು. ಇಬ್ಬರ ಎದುರಿಗೂ ಚಂದದ ಇಂಗ್ಲಿಷ್‌ನಲ್ಲಿ ನನ್ನ ಕಷ್ಟಗಳನ್ನು ಜೋಡಿಸಿ ಹೇಳಿ, ಅವರು ತಲೆಯಾಡಿಸುವಂತೆ ಮಾಡಿ, ಮೂರನೆಯ ಭೇಟಿಯ ಹೊತ್ತಿಗೆ "ಈಗ ಎಷ್ಟೋ ವಾಸಿ" ಎಂದು ಕೈಮುಗಿದು ಬಂದಿದ್ದೆ. ಇವರನ್ನೂ ಮೂರು ಭೇಟಿಯಲ್ಲಿ ಮುಗಿಸುತ್ತೇನೆ ಎಂದುಕೊಂಡು ಮೆಟ್ಟಿಲು ಹತ್ತಿದೆ. ಮನೆಗಳ ನಡುವಿನ ಒಂದು ಮನೆ, ಮೊದಲ ಮಹಡಿ. ಬಾಗಿಲು ತೆಗೆದವರು ಐವತ್ತು ದಾಟಿದ ಹೆಂಗಸು, ನೂಲಿನ ಸೀರೆ, ಮೂಗಿನ ತುದಿಯಲ್ಲಿ ಕನ್ನಡಕ. ಡಾಕ್ಟರು ನನ್ನ ಊರು, ಭಾಷೆ ಎಲ್ಲ ಫೋನಿನಲ್ಲಿ ಹೇಳಿದ್ದರು ಅಂತ ಕಾಣುತ್ತದೆ.

"ಬರ್ರಿ ಬರ್ರಿ. ಊಟ ಆತೇನ್ರಿ?" ಎಂದರು.

"ಆತ್ರಿ," ಎಂದೆ.

ಅವರು ಬಾಗಿಲಲ್ಲೇ ನಿಂತು ನಾಲಿಗೆ ಕಚ್ಚಿಕೊಂಡರು. ಬೀದರ್ ಕಡೆಯವರು, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟಿದ್ದರು. ಊಟದ ರೋಗಕ್ಕೆಂದೇ ಬಂದವಳನ್ನು ಹೊಸ್ತಿಲಲ್ಲೇ ಆ ಮಾತು ಕೇಳಿದ ಥೆರಪಿಸ್ಟ್, ಹೊಸ್ತಿಲಲ್ಲೇ ಸುಳ್ಳು ಹೇಳಿದ ಪೇಷಂಟ್. ನಮ್ಮಿಬ್ಬರ ಸಂಬಂಧ ಶುರುವಾದದ್ದು ಹೀಗೆ. ನನಗೆ ಒಳಗೊಳಗೇ ನಗು ಬಂತು, ಜೊತೆಗೆ ಸ್ವಲ್ಪ ಅಳುಕೂ ಆಯಿತು. ಇಂಗ್ಲಿಷ್‌ನಲ್ಲಿ ನಾನು ಎಷ್ಟು ಬೇಕಾದರೂ ಆಡಬಲ್ಲವಳು. ಅವ್ವನ ಮಾತಿನಲ್ಲಿ, ಅವ್ವನ ವಯಸ್ಸಿನವರ ಎದುರಿಗೆ ಕುಳಿತು ಆಡುವುದು ಅಷ್ಟು ಸಲೀಸಲ್ಲ ಎಂದು ಮೊದಲ ದಿನವೇ ಗೊತ್ತಾಯಿತು.

ಪ್ರತಿ ಶನಿವಾರ ಹನ್ನೊಂದು ಗಂಟೆ ನನ್ನದು ಎಂದು ಗೊತ್ತುಮಾಡಿದರು. ಒಂದು ನೋಟ್‌ಬುಕ್ ಕೊಟ್ಟು, ದಿನಾ ಏನು ತಿಂದೆ, ತಿನ್ನುವಾಗ ಮನಸ್ಸಿಗೆ ಏನಾಯಿತು ಎರಡನ್ನೂ ಬರೆಯಬೇಕು ಎಂದರು. "ತೂಕ, ರಕ್ತ ಡಾಕ್ಟರ್ ನೋಡ್ಕೋತಾರ. ನನಗ ಈ ನೋಟ್‌ಬುಕ್ ಸಾಕು" ಎಂದರು. ಕಿಟಕಿಯ ಹೊರಗೆ ಹೊಸ ಅಪಾರ್ಟ್‌ಮೆಂಟಿಗಾಗಿ ಬಂಡೆ ಒಡೆಯುತ್ತಿದ್ದರು. ಒಂದೊಂದು ಸದ್ದಿಗೂ ಗಾಜು ನಡುಗುತ್ತಿತ್ತು. ಅವರು ಸದ್ದು ನಿಲ್ಲುವವರೆಗೆ ತಡೆದು ಮಾತು ಮುಂದುವರಿಸುತ್ತಿದ್ದರು.

ಟೆಸ್ಟರ್‌ಗಳಲ್ಲಿ ಒಂದು ಕೆಟ್ಟ ಜಾತಿಯಿದೆ. ಟೆಸ್ಟನ್ನು ಓಡಿಸದೆಯೇ ಎದುರಿಗೆ ಪಾಸ್ ಎಂದು ಬರೆದುಬಿಡುವವರು. ನನ್ನ ತಂಡದಲ್ಲಿ ಯಾರಾದರೂ ಹಾಗೆ ಮಾಡಿ ಸಿಕ್ಕಿಬಿದ್ದರೆ ಅವರನ್ನು ನಾನು ಅಳಿಸದೆ ಬಿಡುತ್ತಿರಲಿಲ್ಲ. ಈಗ ನಾನೇ ಶನಿವಾರ ಮುಂಜಾನೆ ಆಟೋದಲ್ಲಿ ಕುಳಿತು ಇಡೀ ವಾರದ ಊಟ ಬರೆಯತೊಡಗಿದೆ. ನೈಜವಾಗಿ ಕಾಣಲೆಂದು ಎರಡು ಬಣ್ಣದ ಪೆನ್ನು. ಎರಡು ಇಡ್ಲಿ. ಒಂದು ಜೋಳದ ರೊಟ್ಟಿ, ಪುಂಡಿಪಲ್ಯ. ಅನ್ನ, ಸಾರು, ಮೊಸರು, ಮನೆಯ ಡಬ್ಬಿ. ಮನಸ್ಸಿನ ಕಾಲಂನಲ್ಲಿ "ಸ್ವಲ್ಪ ಭಯವಾಯಿತು, ಆದರೂ ತಿಂದೆ" ಎಂದು ಬರೆಯುತ್ತಿದ್ದೆ. ಪೂರ್ತಿ ಧೈರ್ಯ ಎಂದು ಬರೆದರೆ ಯಾರೂ ನಂಬುವುದಿಲ್ಲ ಎಂಬಷ್ಟು ಬುದ್ಧಿ ನನಗಿತ್ತು. ಉಪವಾಸವಿಲ್ಲದ ದಿನ ಮನೆಯ ಡಬ್ಬಿ ನಿಜವಾಗಿಯೂ ಹೋಗುತ್ತಿತ್ತು. ಅವ್ವ ತುಂಬಿದ ಡಬ್ಬಿಯನ್ನು ಆಫೀಸಿನ ಕಸ ಗುಡಿಸುವ ಅಮ್ಮನಿಗೆ ಕೊಟ್ಟು, ಖಾಲಿ ಡಬ್ಬಿ ಮನೆಗೆ ತರುತ್ತಿದ್ದೆ.

ಆರು ವಾರ ಇದು ನಡೆಯಿತು. ಅವರು ಓದುತ್ತಿದ್ದರು, ಹೂಂ ಎನ್ನುತ್ತಿದ್ದರು, ಮತ್ತೇನೋ ಕೇಳುತ್ತಿದ್ದರು. ರಕ್ತದ ರಿಪೋರ್ಟ್ ಏರಲಿಲ್ಲ. ಅದಕ್ಕೂ ನಾನೊಂದು ವಿವರಣೆ ಇಟ್ಟುಕೊಂಡಿದ್ದೆ. ಏಳನೆಯ ಶನಿವಾರ ಅವರು ಪುಟದ ನಡುವೆ ಒಂದು ಸಾಲಿನ ಮೇಲೆ ಬೆರಳಿಟ್ಟರು. ಎದ್ದುಹೋಗಿ ಗೋಡೆಯ ಕ್ಯಾಲೆಂಡರ್ ನೋಡಿದರು. ಮತ್ತೆ ಬಂದು ಕುಳಿತರು.

"ಬುಧವಾರ ಏಕಾದಶಿ ಇತ್ತಲ್ರಿ," ಎಂದರು. "ಏಕಾದಶಿ ದಿನ ನಿಮ್ಮನ್ಯಾಗ ಅನ್ನ ಮಾಡಿದ್ರೇನ್ರಿ?"

ಬುಧವಾರದ ಎದುರಿಗೆ ನಾನೇ ಬರೆದ ಸಾಲು: ಅನ್ನ, ಸಾರು, ಮೊಸರು, ಮನೆಯ ಡಬ್ಬಿ. ಅದಕ್ಕೆ ಮೊದಲಿನ ಏಕಾದಶಿಗಳಿಗೆ ನೆನಪಿಟ್ಟು ಫರಾಳ ಎಂದು ಬರೆದವಳು ಈ ಸಲ ಹಿಂದಿನ ವಾರದ್ದನ್ನೇ ನೋಡಿ ಇಳಿಸಿಬಿಟ್ಟಿದ್ದೆ. ಮೊದಲ ಭೇಟಿಯಲ್ಲಿ ನಮ್ಮ ಮನೆಯ ಏಕಾದಶಿಯ ಬಗ್ಗೆ ಕೊಚ್ಚಿಕೊಂಡವಳೂ ನಾನೇ. ವರ್ಷವೆಲ್ಲ ಏಕಾದಶಿ ಮಾಡುತ್ತಿದ್ದವಳಿಗೆ ನಿಜವಾದ ಏಕಾದಶಿ ಯಾವತ್ತು ಎಂಬುದೇ ಮರೆತುಹೋಗಿತ್ತು.

ತಪ್ಪು ಹಿಡಿಯುವವಳು ನಾನು. ಹಿಡಿಸಿಕೊಂಡು ಅಭ್ಯಾಸವಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. "ಅಂದ್ರ ನೀವೂ ಏಕಾದಶಿ ಮಾಡ್ತೀರಿ," ಎಂದೆ.

"ಮಾಡ್ತೀನ್ರಿ."

"ಭಾಳ ಛಲೋ ಆತು. ನೀವು ಉಪಾಸ ಮಾಡಿದ್ರ ಭಕ್ತಿ, ನಾ ಮಾಡಿದ್ರ ರೋಗ. ಹಂಗೇನ್ರಿ?"

ಅವರ ಮುಖ ಕೆಂಪಾದದ್ದು ಕಂಡಿತು. ಆಮೇಲೆ ಮೆಲ್ಲಗೆ, "ಬುಧವಾರ ನಾ ಉಪಾಸ ಇದ್ದೆ. ಗುರುವಾರ ದ್ವಾದಶಿ, ಮುಂಜಾನೆ ಆರೂವರಿಗೆ ಅನ್ನ ಉಂಡು ಪಾರಣಿ ಮಾಡೀನಿ. ನೀವು ಹದಿನಾಲ್ಕು ವರ್ಷದಿಂದ ಏಕಾದಶಿ ಮಾಡಾಕತ್ತೀರಿ. ನಿಮ್ಮ ಪಾರಣಿ ಯಾವಾಗ್ರಿ?" ಎಂದರು.

ನನ್ನ ಸಿಟ್ಟು ಇನ್ನಷ್ಟು ಏರಿತು. ನೋಟ್‌ಬುಕ್ಕನ್ನು ಅಲ್ಲೇ ಬಿಟ್ಟು, ಚಪ್ಪಲಿಯ ಪಟ್ಟಿ ಹಾಕಿಕೊಳ್ಳದೆ ಮೆಟ್ಟಿಲು ಇಳಿದೆ. ಮೂರು ಭೇಟಿಗೆ ಬದಲು ಏಳಾಯಿತು, ಇರಲಿ, ಇವರೂ ಮುಗಿದರು ಎಂದುಕೊಂಡೆ. ಉಪ್ಪಲ್ ಮುಟ್ಟುವವರೆಗೂ ಆ ಹೆಂಗಸನ್ನು ಮನಸ್ಸಿನಲ್ಲೇ ಬೈದೆ.

ಮುಂದಿನ ಶನಿವಾರ ಹೋಗಲಿಲ್ಲ. ಅವರು ಫೋನ್ ಮಾಡಿ ಗೋಗರೆಯುತ್ತಾರೆ ಎಂದು ಕಾದೆ. ಮಾಡಲಿಲ್ಲ. ಹನ್ನೊಂದು ಗಂಟೆಗೆ ಸರಿಯಾಗಿ ಒಂದು ಮೆಸೇಜ್ ಬಂತು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ: ನಿಮ್ಮ ವೇಳೆ ನಿಮ್ಮದೇ ಐತಿ, ನಾ ಕುಂತಿರ್ತೀನಿ. ಅಷ್ಟೇ. ಅಡುಗೆಮನೆಯಲ್ಲಿ ಅವ್ವನಿಗೆ ಸೊಪ್ಪು ಬಿಡಿಸಿಕೊಡುತ್ತಾ ಆ ಒಂದು ತಾಸು ಗಡಿಯಾರ ನೋಡಿದೆ. ಹಿಂದಿನ ಇಬ್ಬರು ಥೆರಪಿಸ್ಟ್‌ಗಳು ನಾನು ಹೋಗುವುದನ್ನು ನಿಲ್ಲಿಸಿದ ಮೇಲೆ ನನ್ನನ್ನು ನೆನೆಸಿಕೊಂಡಿರಲಾರರು. ಇವರು ಬರದವಳಿಗಾಗಿ ಖಾಲಿ ಕುರ್ಚಿಯ ಎದುರಿಗೆ ಕುಳಿತಿದ್ದಾರೆ ಎಂಬುದು ನನ್ನನ್ನು ಸುಮ್ಮನಿರಗೊಡಲಿಲ್ಲ.

ಅದರ ಮುಂದಿನ ವಾರ ಹೋದೆ, ಬೇಕೆಂದೇ ತಡಮಾಡಿಕೊಂಡು. ಹನ್ನೊಂದು ಐವತ್ತಾಗಿತ್ತು. ಬಾಗಿಲು ತೆರೆದಿತ್ತು. ಅವರು ಕೈಯಲ್ಲಿ ಪುಸ್ತಕ, ಪೇಪರ್ ಏನೂ ಇಲ್ಲದೆ ನಿಜವಾಗಿಯೂ ಸುಮ್ಮನೆ ಕುಳಿತಿದ್ದರು.

"ಬರ್ರಿ. ಇನ್ನ ಹತ್ತು ನಿಮಿಷ ಐತಿ," ಎಂದರು. ನಾನು ಕುಳಿತ ಮೇಲೆ ಅವರೇ ಮೊದಲು ಮಾತಾಡಿದರು. "ಅವತ್ತ ನಾ ಪೊಲೀಸರಂಗ ನಿಮ್ಮನ್ನ ಹಿಡದೆ. ನನಗ ಸಿಟ್ಟ ಬಂದಿತ್ರಿ. ನೀವು ಸುಳ್ಳ ಬರದದ್ದಕ್ಕಲ್ಲ, ಆರು ವಾರ ನಾ ಅದನ್ನ ನಂಬಿದೆ ಅಂತ. ಅದು ನನ್ನ ತಪ್ಪು. ನನಗ ಈ ಕೆಲಸ ಕಲಿಸಿದ ಹಿರಿಯರ ಕಡೆ ಹೋಗಿ ಹೇಳಿಕೊಂಡು ಬಂದೀನಿ."

ಡಾಕ್ಟರಾದವರು ಪೇಷಂಟಿನ ಎದುರಿಗೆ ತಪ್ಪು ಒಪ್ಪಿಕೊಳ್ಳುವುದನ್ನು ನಾನು ಕಂಡಿರಲಿಲ್ಲ. "ಈಗ ನನ್ನ ಬಿಟ್ಟುಬಿಡ್ತೀರೇನ್ರಿ?" ಎಂದು ಕೇಳಿದೆ. ಆ ಗಳಿಗೆಯವರೆಗೆ ನಾನು ಅವರನ್ನು ಬಿಡುವವಳು ಎಂದೇ ತಿಳಿದುಕೊಂಡಿದ್ದೆ.

"ಇಲ್ರಿ. ರಿಪೋರ್ಟ್ ಇಳಿದ್ರ ದವಾಖಾನಿಗೆ ಸೇರಸಾಕ ನಾನೂ ಹ್ಞೂಂ ಅಂತೀನಿ. ಅದ್ರಾಗ ನನ್ನ ತಡೀಬ್ಯಾಡ್ರಿ. ಅಲ್ಲಿಗೂ ಶನಿವಾರ ಹನ್ನೊಂದಕ್ಕ ಬರ್ತೀನಿ." ಅವರು ನನ್ನ ನೋಟ್‌ಬುಕ್ ತೆಗೆದು ಮುಂದಿಟ್ಟರು. "ಇದ್ರಾಗ ಖಾಲಿ ಹಾಳಿ ತಂದ್ರೂ ನಡಿತೈತಿ. ತಿಂದಿಲ್ಲ ಅಂದ್ರ ಖಾಲಿ ಬಿಡ್ರಿ. ನಿಮ್ಮಷ್ಟು ಹಟ ಇರೋರನ್ನ ನಾ ನೋಡಿಲ್ಲ. ಹದಿನಾಲ್ಕು ವರ್ಷ ಹಸಿವಿನ ಜೋಡಿ ಜಗಳ ಆಡೀರಿ. ಆ ಹಟ ನನಗ ಬೇಕು."

ಖಾಲಿ ಬಿಡುವುದು ಸುಳ್ಳು ಬರೆಯುವುದಕ್ಕಿಂತ ಎಷ್ಟು ಕಷ್ಟ ಎಂದು ಆ ವಾರ ಗೊತ್ತಾಯಿತು. ಸೋಮವಾರ ಖಾಲಿ. ಮಂಗಳವಾರ ಖಾಲಿ. ಬುಧವಾರ ರಾತ್ರಿ ಆ ಮೂರು ಬಿಳಿ ಹಾಳೆಗಳನ್ನು ತಿರುವಿ ನೋಡಿ ನನಗೇ ಹೆದರಿಕೆಯಾಯಿತು. ಗುರುವಾರ ಅರ್ಧ ಬಾಳೆಹಣ್ಣು ತಿಂದೆ, ಅರ್ಧ ಎಂದೇ ಬರೆದೆ. ಮನಸ್ಸಿನ ಕಾಲಂನಲ್ಲಿ "ಎಸೆಯಬೇಕೆನ್ನಿಸಿತು" ಎಂದು ಬರೆದೆ. ಅವರು ಆ ಅರ್ಧ ಬಾಳೆಹಣ್ಣಿನ ಬಗ್ಗೆ ಒಂದು ತಾಸು ಮಾತಾಡಿಸಿದರು. ಹಿಂದಿನ ಆರು ವಾರದ ಇಡ್ಲಿ, ರೊಟ್ಟಿ, ಪಲ್ಯಗಳ ಬಗ್ಗೆ ಒಟ್ಟು ಅಷ್ಟು ಮಾತಾಡಿರಲಿಲ್ಲ.

ಆದರೆ ದೇಹ ಅಷ್ಟು ಹೊತ್ತು ಕಾಯಲಿಲ್ಲ. ಮೂರನೆಯ ತಿಂಗಳು ರಿಪೋರ್ಟ್ ಇಳಿಯಿತು. ಸೋಮವಾರ ಅಡ್ಮಿಟ್ ಆಗಬೇಕು ಎಂದರು ಡಾಕ್ಟರು. ಶನಿವಾರ ಮಣಿಕೊಂಡದಲ್ಲಿ ಕುಳಿತು, ಆಫೀಸಿನ ಟ್ರೇನಿಂಗ್ ಎಂದು ಮನೆಯಲ್ಲಿ ಹೇಳುತ್ತೇನೆ ಎಂದೆ. ಅವರು ಬೇಡ ಎನ್ನಲಿಲ್ಲ. "ಹೇಳ್ರಿ. ಇದು ಎಷ್ಟನೇ ಸುಳ್ಳು ಅಂತ ಮಾತ್ರ ನೋಟ್‌ಬುಕ್ಕಿನ್ಯಾಗ ಬರೀರಿ," ಎಂದರು. ಭಾನುವಾರ ಅವ್ವ ದೇವರ ಮುಂದೆ ಬತ್ತಿ ಹೊಸೆಯುತ್ತಾ ಕುಳಿತಿದ್ದಾಗ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಡಬ್ಬಿ ಯಾರು ಉಂಡರು ಎಂಬುದನ್ನೂ ಹೇಳಿದೆ. ಅವ್ವನ ಕೈ ನಿಂತಿತು. ಬೈಯುತ್ತಾಳೆ ಎಂದುಕೊಂಡಿದ್ದೆ.

"ನನ್ನ ಮಗಳು ಹಿಂಗ ನೇಮ ಮಾಡ್ತಾಳಂತ ನಾನಽ ಎಲ್ಲಾರ ಮುಂದ ಹೇಳಕೋತ ಅಡ್ಡಾಡಿದ್ನೆವ್ವಾ," ಎಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ.

ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದೆ. ನರ್ಸು ಎದುರಿಗೆ ನಿಂತು ತಿನ್ನಿಸುತ್ತಿದ್ದರು, ನಾನು ಅವರನ್ನು ಶಪಿಸುತ್ತಾ ತಿನ್ನುತ್ತಿದ್ದೆ. ಶನಿವಾರ ಹನ್ನೊಂದಕ್ಕೆ ಥೆರಪಿಸ್ಟ್ ಬಂದರು. ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕುಳಿತು, ಮಣಿಕೊಂಡದಲ್ಲಿ ಹೇಗೋ ಹಾಗೆಯೇ "ಈ ವಾರ ಹೇಳ್ರಿ" ಎಂದರು. ಹೂವು ಹಣ್ಣು ಏನೂ ತರಲಿಲ್ಲ, ಕನಿಕರವನ್ನೂ ತರಲಿಲ್ಲ. ಕೊಟ್ಟ ಮಾತಿನಂತೆ ಬಂದಿದ್ದರು. ಆ ದಿನ ನಾನು ಇವರನ್ನು ನಂಬಬಹುದು ಎಂದು ತೀರ್ಮಾನಿಸಿದೆ.

ಬಿಡುಗಡೆಯಾದ ಮೇಲೆ ಅವ್ವನನ್ನೂ ಮಣಿಕೊಂಡಕ್ಕೆ ಕರೆಸಿಕೊಂಡರು. ಅವ್ವ ಅವರನ್ನು ಮಾತಿನ ಡಾಕ್ಟರ್ ಎನ್ನುತ್ತಿದ್ದಳು. ಮಾತಿನ ಡಾಕ್ಟರು ಸುತ್ತುಬಳಸಲಿಲ್ಲ. ಒಂದು ವರ್ಷ ನಾನು ಯಾವ ಉಪವಾಸವನ್ನೂ ಮಾಡಕೂಡದು, ಮೂರು ಹೊತ್ತೂ ಉಣ್ಣಬೇಕು ಎಂದರು.

"ವಾರದ ಉಪಾಸಗೋಳು ಬಿಡಸ್ತೀನ್ರಿ. ಏಕಾದಶಿ ಒಂದಾದ್ರೂ..." ಎಂದಳು ಅವ್ವ.

"ಅದರಿಂದಽ ಶುರು ಆಗೇತ್ರಿ ಅವ್ವಾರ."

"ಅವತ್ತ ನಮ್ಮನ್ಯಾಗ ಅನ್ನಕ್ಕಿಡೂದಿಲ್ರಿ. ನಮ್ಮತ್ತಿ ಇಟ್ಟಿಲ್ಲ, ನಾ ಇಟ್ಟಿಲ್ಲ."

"ನಿಮ್ಮ ನೇಮ ನೀವು ಬಿಡಬ್ಯಾಡ್ರಿ. ನಾನೂ ಬಿಡಾಂಗಿಲ್ಲ. ಈಕಿ ಮಾತ್ರ ಹಸ್ದು ಇರಬಾರದು. ಹ್ಯಾಂಗ ಮಾಡ್ತೀರಿ ಅನ್ನೂದು ನಿಮಗ ಬಿಟ್ಟಿದ್ದು," ಎಂದರು. ಅವ್ವ ದಾರಿಯುದ್ದಕ್ಕೂ ಆಟೋದ ಹೊರಗೆ ನೋಡುತ್ತಾ ಕುಳಿತಳು.

ಮುಂದಿನ ಏಕಾದಶಿ ಮಂಗಳವಾರ ಬಂತು. ನಾನು ರಜೆಯ ಮೇಲೆ ಮನೆಯಲ್ಲಿದ್ದೆ. ನಿಜ ಹೇಳಬೇಕೆಂದರೆ ಆ ಮುಂಜಾನೆ ನನಗೆ ಖುಷಿಯೇ ಆಗಿತ್ತು. ಆಸ್ಪತ್ರೆಯ ಆಚೆ ಬಂದ ಮೇಲೆ ಪ್ರತಿ ತುತ್ತೂ ಜಗಳವಾಗಿತ್ತು. ಇವತ್ತು ಈ ಮನೆಯಲ್ಲಿ ಯಾರೂ ಅನ್ನ ಮಾಡುವುದಿಲ್ಲ, ಹಾಗಾಗಿ ನಾನು ಉಣ್ಣದಿರುವುದು ಯಾರ ತಪ್ಪೂ ಅಲ್ಲ. ಹಳೆಯ ರೋಗ ಸ್ನಾನ ಮಾಡಿ ಮಡಿಯುಟ್ಟು ಬಂದು ಪಕ್ಕದಲ್ಲಿ ಕುಳಿತಿತ್ತು. ಹತ್ತು ಗಂಟೆಯ ಹೊತ್ತಿಗೆ ಅವ್ವ ದೇವರ ಮನೆಗೆ ಹೋದದ್ದು ಕಂಡಿತು. ವಿಠ್ಠಲನ ಪಟದ ಎದುರಿಗೆ ನಿಂತು, ನನಗೂ ಕೇಳುವಷ್ಟು ಜೋರಾಗಿ, "ನೀ ಏನರ ತಿಳ್ಕೊ. ನನಗ ನನ್ನ ಮಗಳು ಬೇಕು," ಎಂದಳು. ಅಡುಗೆಮನೆಗೆ ಬಂದು ಸಣ್ಣ ಪಾತೇಲಿ ಇಳಿಸಿದಳು. ಅಕ್ಕಿ ತೊಳೆದಳು. ಅಪ್ಪ ಕೈಯಲ್ಲಿ ತುಳಸಿಮಾಲೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವ್ವ ಗ್ಯಾಸ್ ಹಚ್ಚುವುದನ್ನು ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಹೋಗಿ ಮೊಸರು ತಂದು ಕಟ್ಟೆಯ ಮೇಲಿಟ್ಟರು.

ತಟ್ಟೆ ನನ್ನ ಮುಂದೆ ಬಂತು. ಅನ್ನ, ಸಾರು, ಮೊಸರು. ಅವ್ವ ಎದುರಿಗೆ ಕುಳಿತಳು, ನೀರೂ ಮುಟ್ಟದೆ. ನನಗೆ ಹಳೆಯ ಸಿಟ್ಟೇ ಬಂತು. "ನೀ ಉಪಾಸ ಕುಂತು ನನಗ ಉಣ್ಣು ಅಂತೀಯಲ್ಲ," ಎಂದೆ.

"ನಾ ನಾಳೆ ಮುಂಜಾನೆ ಉಣ್ತೀನಿ. ನನಗ ದ್ವಾದಶಿ ಐತಿ," ಎಂದಳು ಅವ್ವ. "ನಿನ್ನ ದ್ವಾದಶಿ ಭಾಳ ತಡ ಆತವ್ವಾ."

ಪಾರಣಿಯ ಆ ಮಾತನ್ನು ಆಸ್ಪತ್ರೆಯಲ್ಲಿ ನಾನೇ ಅವಳಿಗೆ ಹೇಳಿದ್ದೆ. ಮೊದಲ ತುತ್ತು ಬಾಯಲ್ಲಿ ಅಲ್ಲೇ ನಿಂತಿತು. ನುಂಗಬಾರದು ಎಂದು ಒಳಗೆ ಒಂದು ದನಿ ಬೊಬ್ಬೆ ಹಾಕುತ್ತಿತ್ತು, ನುಂಗಿದೆ. ಎರಡನೆಯದಕ್ಕೆ ಮತ್ತೆ ಬೊಬ್ಬೆ. ಈ ಪಾತೇಲಿಗಾಗಿ ಅವ್ವ ಬಿಟ್ಟುಕೊಟ್ಟದ್ದು ಎಷ್ಟು ಎಂದು ನನಗೆ ಗೊತ್ತಿತ್ತು. ಸೋಲುವುದಿಲ್ಲ ಎಂದು ಹಲ್ಲು ಕಚ್ಚಿ ಕುಳಿತೆ. ಇಷ್ಟು ವರ್ಷ ಉಣ್ಣದಿರುವುದಕ್ಕೆ ಇಟ್ಟ ಹಟವನ್ನೆಲ್ಲ ಆ ತಟ್ಟೆಯ ಎದುರಿಗೆ ಖರ್ಚು ಮಾಡಿದೆ. ಒಂದು ತಾಸು ಹಿಡಿಯಿತು. ಕೊನೆಯ ತುತ್ತು ಉಣ್ಣುವಾಗ ಅನ್ನ ಗಟ್ಟಿಯಾಗಿತ್ತು, ಸಾರು ಆರಿ ಹೋಗಿತ್ತು. ಅವ್ವ ಕಾಲು ಜೋಮು ಹಿಡಿದರೂ ಕದಲಿರಲಿಲ್ಲ.

ಅಲ್ಲಿಗೆ ವಾಸಿಯಾಯಿತು ಎಂದು ಯಾರೂ ತಿಳಿಯಬಾರದು. ಆಮೇಲೆ ನಾಲ್ಕು ವರ್ಷ ಶನಿವಾರಗಳು ನಡೆದವು. ಇನ್ನೊಮ್ಮೆ ಆಸ್ಪತ್ರೆ ಸೇರಿದೆ. ಎರಡು ಸಲ ಅವರ ಜೊತೆ ಜಗಳವಾಡಿ ಎದ್ದುಬಂದೆ, ಎರಡು ಸಲವೂ ಹನ್ನೊಂದಕ್ಕೆ ಮೆಸೇಜ್ ಬಂತು. ಮಣಿಕೊಂಡದ ಬಂಡೆಗಳು ಮುಗಿದು ಅಪಾರ್ಟ್‌ಮೆಂಟ್ ಎದ್ದು ಜನ ತುಂಬಿಕೊಂಡರು. ಈಗಲೂ ಕೆಲವು ದಿನ ತಟ್ಟೆಯ ಮುಂದೆ ಆ ದನಿ ಕೇಳುತ್ತದೆ. ಕೇಳಿಸಿಕೊಂಡೇ ಉಣ್ಣುತ್ತೇನೆ. ಆ ದಾರಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು ಆ ಏಕಾದಶಿಯಾದ ಮೇಲಿನ ಶನಿವಾರ.

ನೋಟ್‌ಬುಕ್ ಅವರ ಕೈಗೆ ಕೊಟ್ಟೆ. ಅವರು ಓದುತ್ತಾ ಬಂದು ಮಂಗಳವಾರದ ಮೇಲೆ ಬೆರಳಿಟ್ಟರು. ಎದ್ದುಹೋಗಿ ಕ್ಯಾಲೆಂಡರ್ ನೋಡಿದರು. ಮತ್ತೆ ಬಂದು ಕುಳಿತರು.

"ಏಕಾದಶಿ ದಿನ ನಿಮ್ಮನ್ಯಾಗ ಅನ್ನ ಮಾಡಿದ್ರೇನ್ರಿ?"

"ಹೌದ್ರಿ. ಅವ್ವ ಮಾಡಿದ್ಲು," ಎಂದೆ. "ನಾ ಉಂಡೆ."

ಅವರು ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು. ಮತ್ತೆ ಹಾಕಿಕೊಂಡು, ದನಿ ಸರಿಮಾಡಿಕೊಂಡು, "ಮರುದಿನದ್ದು?" ಎಂದರು.

ಪುಟ ತಿರುವಿ ತೋರಿಸಿದೆ. ಬುಧವಾರ, ದ್ವಾದಶಿ, ಮುಂಜಾನೆ ಆರೂವರೆ. ಅವ್ವನ ಜೋಡಿ ಕುಂತು ಉಂಡೆ.